ಪರವಾನಗಿ ಶುಲ್ಕದಿಂದ ಸಹಾಯಾನುದಾನಕ್ಕೆ: ಭಾರತದ ಸಾರ್ವಜನಿಕ ಪ್ರಸಾರದ ಹಣಕಾಸಿನ ಚರಿತ್ರೆ

ಭಾರತದಲ್ಲಿ ಸಾರ್ವಜನಿಕ ಪ್ರಸಾರದ ಸುಧಾರಣೆಯನ್ನು ಕುರಿತು ಅರ್ಧ ಶತಮಾನಕ್ಕೂ ಮೀರಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಸ್ವಾಯತ್ತತೆಯ ಚರ್ಚೆಯಾಗಿದೆ. ಆಕಾಶವಾಣಿ ಮತ್ತು ದೂರದರ್ಶನಗಳು ಸರಕಾರದ ಇಲಾಖೆಗಳಾಗಿರಬೇಕೆ, ನಿಗಮವಾಗಬೇಕೆ, ಮಂಡಳಿಯ ಸದಸ್ಯರನ್ನು ಯಾರು ನೇಮಿಸಬೇಕು, ಸುದ್ದಿಯ ಮೇಲೆ ಮಂತ್ರಿಗಳ ಹಿಡಿತ ಎಷ್ಟು ಎಂಬ ಪ್ರಶ್ನೆಗಳು ಚಂದಾ ಸಮಿತಿಯ ಕಾಲದಿಂದ ಮತ್ತೆ ಮತ್ತೆ ಎದ್ದಿವೆ. ಇವು ಮುಖ್ಯವಾದ ಪ್ರಶ್ನೆಗಳೇ ಸರಿ. ಆದರೆ ಪ್ರಸಾರಕ್ಕೆ ಬೇಕಾದ ಹಣ ಯಾರ ಕೈಯಿಂದ ಹೊರಟು, ಯಾವ ಬೊಕ್ಕಸವನ್ನು ಹೊಕ್ಕು, ಯಾರ ಅನುಮತಿಯಿಂದ ಕೇಂದ್ರಗಳನ್ನು ತಲುಪಿತು ಎಂಬ ಪ್ರಶ್ನೆಗೆ ಈ ಚರ್ಚೆಯಲ್ಲಿ ದೊರೆತಿರುವ ಸ್ಥಾನ ಕಿರಿದು. ಪ್ರಸ್ತುತ ಲೇಖನದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಾಗಿದೆ. ಕೇಳುಗನು ಹಣ ಕೊಡುತ್ತಿದ್ದ ಕಾಲದಲ್ಲಿ ಆ ಹಣವು ಪ್ರಸಾರ ಸಂಸ್ಥೆಯ ಸ್ವಂತದ್ದಾಗಲಿಲ್ಲ. ಸಂಸ್ಥೆಗೆ ಸ್ವಂತ ನಿಧಿಯೊಂದು ಕಾಗದದ ಮೇಲೆ ದೊರೆಯುವ ವೇಳೆಗೆ ಕೇಳುಗನು ಹಣ ಕೊಡುವುದೇ ನಿಂತುಹೋಗಿತ್ತು. ಈ ತಾಳತಪ್ಪಿನ ಪರಿಣಾಮವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ ಎಂಬುದು ನನ್ನ ಪ್ರತಿಪಾದನೆ.

ಹತ್ತು ರೂಪಾಯಿಯ ಪರವಾನಗಿ

ಭಾರತದ ಪ್ರಸಾರದ ಆರಂಭ ಹವ್ಯಾಸಿಗಳಿಂದಾಯಿತು. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ, 1924ರಲ್ಲಿ ಮದರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಪ್ರಸಾರ ನಡೆಸಿದವು. ಸದಸ್ಯರ ಚಂದಾ ಹಣವೇ ಇವುಗಳ ಆಧಾರ. ಮದರಾಸಿನ ಕ್ಲಬ್ಬು ಹಣದ ಮುಗ್ಗಟ್ಟಿನಿಂದ 1927ರಲ್ಲಿ ಮುಚ್ಚಿತು. ಅದರ ಪ್ರೇಷಕ ಯಂತ್ರವು ಅಲ್ಲಿನ ನಗರಪಾಲಿಕೆಯ ಪಾಲಾಗಿ, ಪಾಲಿಕೆಯೇ 1930ರಿಂದ ಕೆಲವು ವರ್ಷ ಪ್ರಸಾರ ನಡೆಸಿತು. ಸ್ಥಳೀಯ ಸಂಸ್ಥೆಯೊಂದು ಬೀದಿದೀಪ, ಕುಡಿಯುವ ನೀರುಗಳೊಡನೆ ಬಾನುಲಿಯನ್ನೂ ತನ್ನ ಹೊಣೆಯೆಂದು ಭಾವಿಸಿದ ಈ ಪ್ರಸಂಗಕ್ಕೆ ನಮ್ಮ ಮಾಧ್ಯಮ ಚರಿತ್ರೆಗಳಲ್ಲಿ ತಕ್ಕ ಗಮನ ಸಂದಿಲ್ಲ.

ವ್ಯವಸ್ಥಿತ ಪ್ರಸಾರವು 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯಿಂದ ಆರಂಭವಾಯಿತು. ಮರುತಿಂಗಳು ಕಲ್ಕತ್ತೆಯ ಕೇಂದ್ರ ತೆರೆಯಿತು. ಇದು ಖಾಸಗಿ ಕಂಪನಿ. ಇದರ ಆದಾಯಕ್ಕೆ ಎರಡು ಮೂಲಗಳಿದ್ದವು. ರೇಡಿಯೋ ಹೊಂದಿದವರು ವರ್ಷಕ್ಕೆ 10 ರೂಪಾಯಿ ಪರವಾನಗಿ ಶುಲ್ಕ ಕೊಡಬೇಕು. ಅದರಲ್ಲಿ 8 ರೂಪಾಯಿ ಕಂಪನಿಗೆ, ಉಳಿದದ್ದು ಸರಕಾರಕ್ಕೆ. ಜೊತೆಗೆ ಆಮದಾಗುವ ರೇಡಿಯೋಗಳ ಬೆಲೆಯ ಮೇಲೆ ಶೇಕಡಾ 10ರಷ್ಟು ವಂತಿಗೆ. ಬ್ರಿಟನ್ನಿನಲ್ಲಿ 1922ರಿಂದ ಜಾರಿಯಲ್ಲಿದ್ದ 10 ಷಿಲಿಂಗಿನ ಪರವಾನಗಿ ವ್ಯವಸ್ಥೆಯೇ ಇದರ ಮಾದರಿ. ಆದರೆ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಮನೆಗಳು ಪರವಾನಗಿ ಪಡೆದವು. ಇಲ್ಲಿ 1929ರ ಕೊನೆಗೂ ಪರವಾನಗಿಗಳ ಸಂಖ್ಯೆ 8,000ವನ್ನು ಮುಟ್ಟಿರಲಿಲ್ಲ. ಲೆಕ್ಕ ಸರಳವಾಗಿದೆ. 8,000 ಪರವಾನಗಿಗಳೆಂದೇ ಹಿಡಿದರೂ ಕಂಪನಿಗೆ ವರ್ಷಕ್ಕೆ ಬರುವುದು 64,000 ರೂಪಾಯಿ. ತಿಂಗಳಿಗೆ 33,000 ಇದ್ದ ವೆಚ್ಚವನ್ನು ಕಂಪನಿ 24,000 ರೂಪಾಯಿಗೆ ಇಳಿಸಿಕೊಂಡಿತ್ತು. ಎಂದರೆ ಇಡೀ ವರ್ಷದ ಶುಲ್ಕವು ಮೂರು ತಿಂಗಳ ಖರ್ಚಿಗೂ ಸಾಲದು. 1930ರ ಮಾರ್ಚ್ 1ರಂದು ಕಂಪನಿಯ ಸಮಾಪನ ಆರಂಭವಾದುದರಲ್ಲಿ ಆಶ್ಚರ್ಯವಿಲ್ಲ.

ಏಪ್ರಿಲ್ 1ರಿಂದ ಸರಕಾರವು ಕೇಂದ್ರಗಳನ್ನು ತನ್ನ ವಶಕ್ಕೆ ತೆಗೆದುಕೊಂಡು, ಕೈಗಾರಿಕೆ ಮತ್ತು ಕಾರ್ಮಿಕ ಇಲಾಖೆಯ ಅಡಿಯಲ್ಲಿ ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್ ಎಂಬ ಹೆಸರಿನಲ್ಲಿ ನಡೆಸತೊಡಗಿತು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಸರಕಾರಕ್ಕೂ ಇದು ಭಾರವೆನಿಸಿ, 1931ರ ಅಕ್ಟೋಬರಿನಲ್ಲಿ ಪ್ರಸಾರವನ್ನೇ ನಿಲ್ಲಿಸುವ ತೀರ್ಮಾನವಾಯಿತು. ಕೇಳುಗರಿಂದಲೂ ರೇಡಿಯೋ ವ್ಯಾಪಾರಿಗಳಿಂದಲೂ, ವಿಶೇಷವಾಗಿ ಬಂಗಾಳದಲ್ಲಿ, ವಿರೋಧ ಬಂದುದರಿಂದ ನವೆಂಬರಿನಲ್ಲಿ ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಸರಕಾರ ಆಗ ಕಂಡುಕೊಂಡ ಉಪಾಯ ಗಮನಾರ್ಹವಾದುದು: ರೇಡಿಯೋಗಳ ಮೇಲಿನ ಆಮದು ಸುಂಕವನ್ನು ಶೇಕಡಾ 25ರಿಂದ 50ಕ್ಕೆ ಏರಿಸಲಾಯಿತು. ಪರವಾನಗಿಯಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿದ 1933ರ ನಿಸ್ತಂತು ತಂತಿ ಕಾಯಿದೆ 1934ರ ಜನವರಿ 1ರಿಂದ ಜಾರಿಗೆ ಬಂದಿತು. 1932ರ ಡಿಸೆಂಬರಿನಲ್ಲಿ ಬಿ.ಬಿ.ಸಿ.ಯ ಸಾಮ್ರಾಜ್ಯ ಸೇವೆ ಆರಂಭವಾದ ಮೇಲೆ ಇಲ್ಲಿದ್ದ ಐರೋಪ್ಯರು ರೇಡಿಯೋ ಕೊಳ್ಳತೊಡಗಿದ್ದರು. ಹೀಗಾಗಿ, ಲಂಡನ್ನಿನ ಕಾರ್ಯಕ್ರಮ ಕೇಳಲು ಕೊಂಡ ರೇಡಿಯೋಗಳ ಸುಂಕ ಮತ್ತು ಶುಲ್ಕದಿಂದ ಭಾರತದ ಪ್ರಸಾರ ಉಳಿದುಕೊಂಡಿತು ಎಂದರೆ ಅತಿಶಯೋಕ್ತಿಯೇನಲ್ಲ.

1935ರಲ್ಲಿ ಬಿ.ಬಿ.ಸಿ.ಯಿಂದ ಬಂದು ಪ್ರಸಾರ ನಿಯಂತ್ರಕರಾದ ಲಯೊನೆಲ್ ಫೀಲ್ಡನ್ ಅವರ ಕಾಲದಲ್ಲಿ, 1936ರ ಜೂನ್ 8ರಂದು ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಹೆಸರು ಬದಲಾದರೂ ಅದು ಇಲಾಖೆಯಾಗಿಯೇ ಉಳಿಯಿತು. ಲಂಡನ್ನಿನ ಪರವಾನಗಿ ಪದ್ಧತಿಯನ್ನು ತಂದವರು ಅದರೊಡನೆ ಅಲ್ಲಿನ ನಿಗಮದ ಪದ್ಧತಿಯನ್ನು ತರಲಿಲ್ಲ.

ಮೈಸೂರಿನ ಪ್ರಯೋಗ

ಇದೇ ಕಾಲದಲ್ಲಿ ಮೈಸೂರಿನಲ್ಲಿ ಬೇರೊಂದು ದಾರಿಯ ಪ್ರಯೋಗ ನಡೆದಿತ್ತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ಮುಂದೆ 250 ವ್ಯಾಟ್‌ನ ಯಂತ್ರ ಬಂದಿತು. 'ಆಕಾಶವಾಣಿ' ಎಂಬ ಹೆಸರು ಈ ಕೇಂದ್ರದ್ದು. 1950ರ ದಶಕದಲ್ಲಿ ಅದನ್ನು ಇಡೀ ದೇಶದ ಬಾನುಲಿ ಸ್ವೀಕರಿಸಿತು. ಕನ್ನಡಿಗರು ಈ ಹೆಸರಿನ ಹೆಮ್ಮೆಯನ್ನು ಆಗಾಗ ಹೇಳಿಕೊಳ್ಳುತ್ತೇವೆ. ಆದರೆ ಹೆಸರಿಗಿಂತ ಹೆಚ್ಚು ಆಲೋಚನೆಗೆ ಅರ್ಹವಾದುದು ಆ ಕೇಂದ್ರ ನಡೆದ ಬಗೆ. ಅದು ಲಾಭದ ಕಂಪನಿಯಾಗಿರಲಿಲ್ಲ, ಸರಕಾರದ ಇಲಾಖೆಯೂ ಆಗಿರಲಿಲ್ಲ. ಸ್ಥಾಪಕರ ಸ್ವಂತ ಹಣ, ಅನಂತರ ಮೈಸೂರು ನಗರಸಭೆಯ ನೆರವು, ಕೊನೆಗೆ 1942ರಲ್ಲಿ ಸಂಸ್ಥಾನದ ಆಡಳಿತ ಹೀಗೆ ಮೂರು ಹಂತಗಳನ್ನು ಏಳೆಂಟು ವರ್ಷಗಳಲ್ಲಿ ಅದು ದಾಟಿತು. ವ್ಯಕ್ತಿಯೊಬ್ಬನ ಔದಾರ್ಯ ಪ್ರಸಾರವನ್ನು ಆರಂಭಿಸಬಲ್ಲುದೇ ಹೊರತು ನಡೆಸಿಕೊಂಡು ಹೋಗಲಾರದು. ನಗರವೊಂದರ ಬೊಕ್ಕಸ ಅದಕ್ಕಿಂತ ಹೆಚ್ಚು ಕಾಲ ತಾಳಬಲ್ಲುದು. ಆದರೆ ಯಂತ್ರ, ಕಲಾವಿದರ ಸಂಭಾವನೆ, ಸಿಬ್ಬಂದಿಯ ವೇತನಗಳು ಅದಕ್ಕೂ ಮೀರಿ ಬೆಳೆಯುತ್ತವೆ.

ಸಂಸ್ಥಾನಗಳ ಆರ್ಥಿಕ ವಿಲೀನದ ಅಂಗವಾಗಿ 1950ರ ಏಪ್ರಿಲ್ 1ರಂದು ಮೈಸೂರಿನ ಕೇಂದ್ರವು ಹೈದರಾಬಾದು, ತಿರುವನಂತಪುರಗಳ ಕೇಂದ್ರಗಳಂತೆ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. 1955ರ ನವೆಂಬರ್ 2ರಂದು ಅದನ್ನು ಬೆಂಗಳೂರಿಗೆ ವರ್ಗಾಯಿಸಲಾಯಿತು; ಮೈಸೂರಿಗೆ ತನ್ನದೇ ಕೇಂದ್ರ ಮರಳಿ ದೊರೆತದ್ದು 1974ರಲ್ಲಿ. ತಾಂತ್ರಿಕವಾಗಿಯೂ ಆಡಳಿತದ ದೃಷ್ಟಿಯಿಂದಲೂ ಈ ವರ್ಗಾವಣೆಗೆ ಸಮರ್ಥನೆಗಳಿರಬಹುದು. ಆದರೆ ಹಣ ಕೊಡುವವನು ದೆಹಲಿಯಲ್ಲಿ ಕುಳಿತಾಗ ಕೇಂದ್ರ ಎಲ್ಲಿರಬೇಕೆಂಬುದನ್ನು ನಿರ್ಧರಿಸುವವನೂ ಅಲ್ಲಿಯೇ ಇರುತ್ತಾನೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕೇಂದ್ರವನ್ನು ಸಾಕಿದ ಊರಿಗೆ ಅದನ್ನು ಉಳಿಸಿಕೊಳ್ಳುವ ಯಾವ ಹಕ್ಕೂ ಉಳಿದಿರಲಿಲ್ಲ.

ಹೀಗೆಂದು ಕೇಂದ್ರ ಸರಕಾರದ ಹಣದಿಂದ ಕನ್ನಡಕ್ಕೆ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಕೇಂದ್ರವು ಏಕೀಕರಣಕ್ಕೆ ಮೊದಲೇ ಮುಂಬಯಿ ಪ್ರಾಂತದ ಕನ್ನಡಿಗರಿಗೆ ಒಂದು ಸಾಂಸ್ಕೃತಿಕ ನೆಲೆಯಾಯಿತು, ದ.ರಾ. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು. 1966ರಲ್ಲಿ ಗುಲ್ಬರ್ಗಾ ಕೇಂದ್ರ ತೆರೆದಾಗ ಹೈದರಾಬಾದ್ ಕರ್ನಾಟಕಕ್ಕೂ ದನಿ ಬಂದಿತು. ಜಾಹೀರಾತಿನ ಆದಾಯವನ್ನು ನಂಬಿದ್ದರೆ ಇವೆರಡರಲ್ಲಿ ಒಂದೂ ಆ ಕಾಲಕ್ಕೆ ಹುಟ್ಟುತ್ತಿರಲಿಲ್ಲ.

ಸಂಚಿತ ನಿಧಿಯೊಳಗೆ ಕರಗಿದ ಶುಲ್ಕ

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಆರು ಕೇಂದ್ರಗಳು ಉಳಿದಿದ್ದವು. ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೋ ಹಳ್ಳಿಯ ಮನೆಯನ್ನು ಹೊಕ್ಕಿತು. ಅದರ ಬೆನ್ನಿಗೆ ಪರವಾನಗಿಯೂ ಬಂದಿತು. ಅಂಚೆ ಕಚೇರಿಯ ಪುಟ್ಟ ಪುಸ್ತಕ, ಅದರಲ್ಲಿ ವರ್ಷವರ್ಷವೂ ಅಂಟಿಸುತ್ತಿದ್ದ ಚೀಟಿ, ನವೀಕರಿಸದಿದ್ದರೆ ದಂಡ, ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಿದ್ದ ತಪಾಸಣೆಗಾರ ಇವು ಆ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. 1970ರ ದಶಕದಲ್ಲಿ ರೇಡಿಯೋದ ವಾರ್ಷಿಕ ಶುಲ್ಕ 15 ರೂಪಾಯಿ, ಟೆಲಿವಿಷನ್ನಿನದು 50 ರೂಪಾಯಿ ಇತ್ತು.

ಈ ಹಣ ಪ್ರಸಾರಕ್ಕಾಗಿ ವಸೂಲಾಗುತ್ತಿತ್ತು, ಆದರೆ ಪ್ರಸಾರ ಸಂಸ್ಥೆಗೆ ನೇರವಾಗಿ ಸೇರುತ್ತಿರಲಿಲ್ಲ. ವಸೂಲಿ ಮಾಡುತ್ತಿದ್ದುದು ಅಂಚೆ ಮತ್ತು ತಂತಿ ಇಲಾಖೆ. ಅದರ ವಸೂಲಿ ವೆಚ್ಚ ಕಳೆದು ಉಳಿದದ್ದು ಸರಕಾರದ ರಾಜಸ್ವಕ್ಕೆ. ಆಕಾಶವಾಣಿಗೆ ಬೇಕಾದದ್ದನ್ನು ಸಂಸತ್ತು ಮಂತ್ರಾಲಯದ ಬೇಡಿಕೆಯ ಮೂಲಕ ಪ್ರತ್ಯೇಕವಾಗಿ ಮಂಜೂರು ಮಾಡುತ್ತಿತ್ತು. ಸಂವಿಧಾನದ 266ನೆಯ ವಿಧಿಯ ಪ್ರಕಾರ ಸರಕಾರದ ಎಲ್ಲ ಆದಾಯವೂ ಸಂಚಿತ ನಿಧಿಗೆ ಹೋಗಬೇಕಾದುದರಿಂದ ಇದು ಕ್ರಮಬದ್ಧವೇ. ಆದರೆ ಇದರ ರಾಜಕೀಯ ಪರಿಣಾಮ ಬೇರೆ. ಬ್ರಿಟನ್ನಿನಲ್ಲಿ ಶುಲ್ಕ ಕೊಟ್ಟವನು ತಾನು ಬಿ.ಬಿ.ಸಿ.ಗೆ ಕೊಟ್ಟೆನೆಂದು ತಿಳಿದನು. ಕಾರ್ಯಕ್ರಮ ಸರಿಯಿಲ್ಲದಿದ್ದರೆ ಬಿ.ಬಿ.ಸಿ.ಯನ್ನೇ ದೂರಿದನು. ಇಲ್ಲಿ ಶುಲ್ಕ ಕೊಟ್ಟವನು ಅಂಚೆ ಕಚೇರಿಗೆ ತೆರಿಗೆ ಕಟ್ಟಿದೆನೆಂದು ತಿಳಿದನು. ಕೇಳುಗನಿಗೂ ಕೇಂದ್ರಕ್ಕೂ ನಡುವೆ ಇರಬಹುದಾಗಿದ್ದ ಋಣಸಂಬಂಧವೊಂದು ಸರಕಾರಿ ಲೆಕ್ಕಪತ್ರದೊಳಗೆ ಕರಗಿಹೋಯಿತು. ತುರ್ತುಪರಿಸ್ಥಿತಿಯ 1975-77ರ ಅವಧಿಯಲ್ಲಿ ಆಕಾಶವಾಣಿಯು ಆಳುವ ಪಕ್ಷದ ತುತ್ತೂರಿಯಾದಾಗ ಶುಲ್ಕದಾರನೆಂಬ ನೆಲೆಯಿಂದ ಪ್ರಶ್ನಿಸುವ ಕೇಳುಗ ಸಮುದಾಯವೊಂದು ನಮ್ಮಲ್ಲಿ ಇರಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ಅಶೋಕ್ ಚಂದಾ ಅವರ ಅಧ್ಯಕ್ಷತೆಯ ಸಮಿತಿಯು 1966ರಲ್ಲಿ ಆಕಾಶವಾಣಿಯನ್ನು ಇಲಾಖೆಯ ಚೌಕಟ್ಟಿನಿಂದ ಬಿಡಿಸಿ ನಿಗಮವಾಗಿಸಬೇಕೆಂದೂ ಟೆಲಿವಿಷನ್ನಿಗೆ ಪ್ರತ್ಯೇಕ ಸಂಸ್ಥೆ ಬೇಕೆಂದೂ ಶಿಫಾರಸು ಮಾಡಿತು. ಜಾಹೀರಾತುಗಳಿಗೆ ಅವಕಾಶ ಕೊಡಬಹುದೆಂದೂ ಹೇಳಿತು. ಸರಕಾರವು ಇವುಗಳಲ್ಲಿ ಯಾವುದನ್ನು ಬೇಗನೆ ಒಪ್ಪಿತೆಂಬುದನ್ನು ನೋಡಬೇಕು. 1967ರ ನವೆಂಬರ್ 1ರಂದು ವಿವಿಧ ಭಾರತಿಯ ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಲ್ಲಿ ಜಾಹೀರಾತು ಆರಂಭವಾಯಿತು. ಟೆಲಿವಿಷನ್ 1976ರಲ್ಲಿ ದೂರದರ್ಶನವೆಂದು ಪ್ರತ್ಯೇಕವಾಯಿತು, ಆದರೆ ಇಲಾಖೆಯಾಗಿಯೇ. ನಿಗಮದ ವಿಚಾರ ಮೂವತ್ತು ವರ್ಷ ಕಾಯಿತು. ಬಿ.ಜಿ. ವರ್ಗೀಸ್ ಸಮಿತಿಯು 1978ರಲ್ಲಿ 'ಆಕಾಶ ಭಾರತಿ' ಎಂಬ ರಾಷ್ಟ್ರೀಯ ನ್ಯಾಸವನ್ನು ಸೂಚಿಸಿತು; ಅದನ್ನು ತೆಳುಗೊಳಿಸಿ ಮಂಡಿಸಿದ 1979ರ ಮಸೂದೆಯು ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು.

1980ರ ದಶಕದ ಮಧ್ಯಭಾಗದಲ್ಲಿ ಪರವಾನಗಿ ಪದ್ಧತಿಯನ್ನೇ ಕೈಬಿಡಲಾಯಿತು. ಆಗಿನ ಆಡಳಿತದ ತರ್ಕವನ್ನು ಊಹಿಸುವುದು ಕಷ್ಟವಲ್ಲ. ಕೋಟಿಗಟ್ಟಲೆ ಮನೆಗಳಿಂದ ಚಿಲ್ಲರೆ ಹಣ ವಸೂಲಿ ಮಾಡುವ ಶ್ರಮ, ತಪ್ಪಿಸಿಕೊಳ್ಳುವವರ ಸಂಖ್ಯೆ, ಮತದಾರನ ಕಿರಿಕಿರಿ ಒಂದು ಕಡೆ. 1982ರ ಏಷ್ಯನ್ ಕ್ರೀಡಾಕೂಟದ ನಂತರ ಬಣ್ಣದ ಟೆಲಿವಿಷನ್ನಿನೊಡನೆ ಉಕ್ಕಿಬಂದ ಜಾಹೀರಾತಿನ ಹಣ ಇನ್ನೊಂದು ಕಡೆ. 'ಹಮ್ ಲೋಗ್', 'ರಾಮಾಯಣ'ಗಳ ಕಾಲದಲ್ಲಿ ದೂರದರ್ಶನಕ್ಕೆ ಹಣದ ಕೊರತೆ ಎಂದಾದರೂ ಬಂದೀತೆಂದು ಯಾರೂ ಎಣಿಸಲಿಲ್ಲ. ಕೇಳುಗರು ಸಂತೋಷಪಟ್ಟರು, ಅವರ ಸಂತೋಷ ಸಹಜವೇ. ಆದರೆ ಏಕಸ್ವಾಮ್ಯವಿದ್ದಾಗ ಬರುವ ಜಾಹೀರಾತು ಏಕಸ್ವಾಮ್ಯ ಹೋದಾಗಲೂ ಬರುವುದೇ ಎಂಬ ಪ್ರಶ್ನೆಯನ್ನು ಆಗ ಕೇಳಬೇಕಾಗಿತ್ತು. ಹತ್ತು ವರ್ಷದೊಳಗೆ ಉಪಗ್ರಹ ವಾಹಿನಿಗಳು ಬಂದು ಉತ್ತರ ಹೇಳಿದವು.

ಸ್ವಂತ ನಿಧಿ, ಪರರ ಹಣ

1990ರ ಪ್ರಸಾರ ಭಾರತಿ ಕಾಯಿದೆಯ 17ನೆಯ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸಂಸತ್ತಿನ ಮಂಜೂರಾತಿಯ ಮೇರೆಗೆ ಕೇಂದ್ರ ಸರಕಾರವು ನಿಗಮಕ್ಕೆ ಪ್ರತಿವರ್ಷ ಎರಡು ಬಗೆಯ ಹಣ ಕೊಡಬಹುದೆಂದು ಅದು ಹೇಳುತ್ತದೆ. ಒಂದು, ವಸೂಲಿ ವೆಚ್ಚ ಕಳೆದ ನಂತರದ ಪರವಾನಗಿ ಶುಲ್ಕದ ಹುಟ್ಟುವಳಿ, ಅಂಥದು ಇದ್ದಲ್ಲಿ. ಇನ್ನೊಂದು, ಷೇರು ಬಂಡವಾಳ, ಸಹಾಯಾನುದಾನ ಅಥವಾ ಸಾಲದ ರೂಪದಲ್ಲಿ ಸರಕಾರಕ್ಕೆ ಅಗತ್ಯವೆನಿಸಿದ ಮೊತ್ತ. ಮೊದಲನೆಯದು ಕಾಯಿದೆ ಬರುವ ಕೆಲವು ವರ್ಷ ಮೊದಲೇ ಇಲ್ಲವಾಗಿತ್ತು. 'ಇದ್ದಲ್ಲಿ' ಎಂಬ ಆ ಒಂದು ಮಾತಿನಲ್ಲಿ ಶಾಸನಕರ್ತರ ಅರಿವೂ ಅಸಹಾಯಕತೆಯೂ ಒಟ್ಟಿಗೇ ಕಾಣುತ್ತವೆ. ಉಳಿದದ್ದು ಎರಡನೆಯದು, ಅದರ ಅಳತೆಗೋಲು ಸರಕಾರದ ಅನಿಸಿಕೆ. 'ಕೊಡಬಹುದು' ಎಂಬ ಕ್ರಿಯಾಪದವನ್ನೂ ಗಮನಿಸಬೇಕು. ಕೊಡತಕ್ಕದ್ದೆಂಬ ಕಡ್ಡಾಯ ಅಲ್ಲಿಲ್ಲ.

ಇನ್ನೊಂದು ಕಡೆ ಕಾಯಿದೆಯ 12ನೆಯ ಪ್ರಕರಣವು ನಿಗಮದ ಮೇಲೆ ಹೊರಿಸಿರುವ ಹೊಣೆಗಳು ಭಾರವಾದವು: ಗ್ರಾಮೀಣರು, ಕೃಷಿ, ಶಿಕ್ಷಣ, ಆರೋಗ್ಯ, ವಿವಿಧ ಪ್ರದೇಶಗಳ ಭಾಷೆ ಮತ್ತು ಸಂಸ್ಕೃತಿ, ಅಲ್ಪಸಂಖ್ಯಾತರು, ಬುಡಕಟ್ಟುಗಳು. ಇವುಗಳಲ್ಲಿ ಯಾವುದಕ್ಕೂ ಜಾಹೀರಾತುದಾರನು ಮುಗಿಬೀಳುವುದಿಲ್ಲ. ಮಂಗಳೂರು ಕೇಂದ್ರ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ, ಮಡಿಕೇರಿ ಕೇಂದ್ರ ಕೊಡವ ಮತ್ತು ಅರೆಭಾಷೆಗಳಲ್ಲಿ ಕಾರ್ಯಕ್ರಮ ಕೊಟ್ಟದ್ದು ಮಾರುಕಟ್ಟೆಯ ಒತ್ತಾಯದಿಂದಲ್ಲ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ರಸಪ್ರಶ್ನೆಯಲ್ಲಿ ಗೆದ್ದವರಿಗೆ ಸಿಗುವುದು ಕನ್ನಡ ಪುಸ್ತಕ. ಕೋಟಿ ರೂಪಾಯಿ ಬಹುಮಾನದ ಕಾಲದಲ್ಲಿ ಇಂಥದೊಂದನ್ನು ಖಾಸಗಿ ವಾಹಿನಿ ಯೋಚಿಸಿಯೂ ಇರದು.

ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ತೀರ್ಪಿತ್ತ ಮೇಲೆ, 1997ರಲ್ಲಿ ಕಾಯಿದೆ ಜಾರಿಯಾಗಿ ನವೆಂಬರ್ 23ರಂದು ನಿಗಮ ಅಸ್ತಿತ್ವಕ್ಕೆ ಬಂದಿತು. ಅದು ಇಲಾಖೆಯ ಸಿಬ್ಬಂದಿಯನ್ನು ಹೊತ್ತುಕೊಂಡೇ ಹುಟ್ಟಿತು. ವೇತನದ ಭಾರ ಹೊರಲಾರದೆ, ಸರಕಾರದ ಸಾಲಕ್ಕೆ ಬಡ್ಡಿ ಕಟ್ಟಲಾರದೆ ಒಂದೂವರೆ ದಶಕ ಕಳೆದ ಮೇಲೆ 2012ರ ಹಣಕಾಸು ಪುನಾರಚನೆಯಲ್ಲಿ ಸಾಲ ಮನ್ನಾ ಆಯಿತು. 2007ರ ಅಕ್ಟೋಬರ್ 5ಕ್ಕೆ ಮೊದಲು ಸೇರಿದ ನೌಕರರ ವೇತನದ ಹೊಣೆಯನ್ನು ಸರಕಾರ ವಹಿಸಿಕೊಂಡಿತು. ನಿಗಮ ಉಳಿಯಿತು. ಆದರೆ ತನ್ನ ನೌಕರರ ಸಂಬಳಕ್ಕೆ ಮಂತ್ರಾಲಯದ ಬಾಗಿಲಲ್ಲಿ ನಿಲ್ಲುವ ಸಂಸ್ಥೆಯು ಅದೇ ಮಂತ್ರಾಲಯದ ಬಗೆಗೆ ನಿರ್ಭೀತವಾಗಿ ಸುದ್ದಿ ಕೊಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಎನ್.ಆರ್. ನಾರಾಯಣಮೂರ್ತಿ, ಕಿರಣ್ ಕಾರ್ಣಿಕ್, ಶುನು ಸೇನ್ ಅವರಿದ್ದ ಪರಾಮರ್ಶನ ಸಮಿತಿ 2000ರಲ್ಲಿಯೂ, ಸ್ಯಾಮ್ ಪಿತ್ರೋಡಾ ಸಮಿತಿ 2014ರಲ್ಲಿಯೂ ವರದಿಗಳನ್ನು ಕೊಟ್ಟವು. ಆಸ್ತಿ ಮತ್ತು ಸಿಬ್ಬಂದಿಯ ಮೇಲಿನ ಪೂರ್ಣ ಅಧಿಕಾರ ನಿಗಮಕ್ಕೆ ಸಿಗಬೇಕೆಂದು ಪಿತ್ರೋಡಾ ಸಮಿತಿ ಹೇಳಿದ್ದು ಸರಿಯಾಗಿಯೇ ಇದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟವು 2,539.61 ಕೋಟಿ ರೂಪಾಯಿಗಳ ಮೂಲಸೌಕರ್ಯ ಯೋಜನೆಗೆ ಒಪ್ಪಿಗೆ ನೀಡಿತು. ಇದರಿಂದ ಯಂತ್ರಗಳು ಹೊಸದಾದವು ಎಂದರೂ ಹಣದ ಮೂಲ ಅದೇ.

ಪರವಾನಗಿ ಶುಲ್ಕವನ್ನು ಮತ್ತೆ ತರುವುದೇ ಪರಿಹಾರವೆಂದು ಸೂಚಿಸುವುದು ನನ್ನ ಉದ್ದೇಶವಲ್ಲ. ಅದು ಹುಟ್ಟಿದ ಬ್ರಿಟನ್ನಿನಲ್ಲಿಯೇ 2022ರಿಂದ ಎರಡು ವರ್ಷ ಸರಕಾರವು ಶುಲ್ಕವನ್ನು 159 ಪೌಂಡಿಗೆ ತಡೆಹಿಡಿದು ಬಿ.ಬಿ.ಸಿ.ಯ ಕೈ ಕಟ್ಟಿತು. ಫ್ರಾನ್ಸ್ 2022ರಲ್ಲಿ ಶುಲ್ಕವನ್ನು ರದ್ದುಪಡಿಸಿ ಮೌಲ್ಯವರ್ಧಿತ ತೆರಿಗೆಯ ಒಂದು ಪಾಲನ್ನು ಪ್ರಸಾರಕ್ಕೆ ಗೊತ್ತುಮಾಡಿತು. ಅಮೆರಿಕದಲ್ಲಿ ಸಂಸತ್ತು ಮುಂಗಡವಾಗಿ ಮಂಜೂರು ಮಾಡಿದ್ದ ಹಣವನ್ನೇ 2025ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ಸಂದರ್ಭಕ್ಕೆ ಹೆಚ್ಚು ಬೆಳಕು ಚೆಲ್ಲುವುದು ಜರ್ಮನಿಯ ಏರ್ಪಾಡು. ಅಲ್ಲಿ 2013ರಿಂದ ಸಾಧನ ಇರಲಿ ಬಿಡಲಿ, ಪ್ರತಿ ಮನೆಯೂ ವಂತಿಗೆ ಕೊಡುತ್ತದೆ. ಆದರೆ ಮುಖ್ಯವಾದುದು ವಂತಿಗೆಯಲ್ಲ, ಅದರ ಮೊತ್ತ ನಿಗದಿಯಾಗುವ ಕ್ರಮ. ಪ್ರಸಾರ ಸಂಸ್ಥೆಗಳ ಅಗತ್ಯವನ್ನು ಸ್ವತಂತ್ರ ಆಯೋಗವೊಂದು ಲೆಕ್ಕಹಾಕಿ ಶಿಫಾರಸು ಮಾಡುತ್ತದೆ. ಆ ಪ್ರಕಾರ ತಿಂಗಳಿಗೆ 18.36 ಯೂರೋ ಆಗಬೇಕಿದ್ದ ಏರಿಕೆಯನ್ನು ಒಂದು ರಾಜ್ಯ ತಡೆದಾಗ, ಅಲ್ಲಿನ ಸಂವಿಧಾನ ನ್ಯಾಯಾಲಯವು 2021ರಲ್ಲಿ ಆ ತಡೆಯನ್ನು ಪ್ರಸಾರ ಸ್ವಾತಂತ್ರ್ಯದ ಉಲ್ಲಂಘನೆಯೆಂದು ತೀರ್ಮಾನಿಸಿತು.

ಇಂಥ ವ್ಯವಸ್ಥೆ ನಮಗೆ ಅಪರಿಚಿತವೇನಲ್ಲ. ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆಯ ಹಂಚಿಕೆಯನ್ನು ಮಂತ್ರಿಯೊಬ್ಬರ ಮರ್ಜಿಗೆ ಬಿಡದೆ 280ನೆಯ ವಿಧಿಯ ಅನ್ವಯ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗಕ್ಕೆ ಒಪ್ಪಿಸಿರುವ ದೇಶವಿದು. ಪ್ರಸಾರದ ಅಗತ್ಯವನ್ನೂ ಹೀಗೆಯೇ ಐದು ವರ್ಷಕ್ಕೊಮ್ಮೆ ನಿಗದಿಗೊಳಿಸುವ ಆಯೋಗವೊಂದನ್ನು ಶಾಸನದ ಮೂಲಕ ರಚಿಸಲು ಸಂವಿಧಾನದ ತಿದ್ದುಪಡಿಯೂ ಬೇಕಾಗದು; 17ನೆಯ ಪ್ರಕರಣದ 'ಕೊಡಬಹುದು' ಎಂಬುದನ್ನು ಬದಲಿಸಿದರೆ ಆರಂಭವಾಗುತ್ತದೆ. ಹಣದ ಮೂಲವೂ ಕಣ್ಣೆದುರಿಗಿದೆ. 2001ರಲ್ಲಿ ಬೆಂಗಳೂರಿನಲ್ಲಿ ಮೊದಲ ಖಾಸಗಿ ಎಫ್.ಎಂ. ಕೇಂದ್ರ ತೆರೆದಂದಿನಿಂದ ತರಂಗಾಂತರದ ಹರಾಜು ಮತ್ತು ವಾರ್ಷಿಕ ಶುಲ್ಕದಿಂದ ಸರಕಾರಕ್ಕೆ ಹಣ ಬರುತ್ತಿದೆ. ತರಂಗಗಳು ಸಾರ್ವಜನಿಕ ಸ್ವತ್ತಾದರೆ ಅವುಗಳ ಬಾಡಿಗೆಯ ಒಂದು ಗೊತ್ತಾದ ಭಾಗ ಸಾರ್ವಜನಿಕ ಪ್ರಸಾರಕ್ಕೆ ಸೇರುವುದು 1995ರ ತೀರ್ಪಿನ ಸಹಜ ಮುಂದುವರಿಕೆಯಾಗುತ್ತದೆ. ಖಾಸಗಿ ಎಫ್.ಎಂ. ಕೇಂದ್ರಗಳಿಗೆ ಸ್ವಂತ ಸುದ್ದಿ ಪ್ರಸಾರದ ಅನುಮತಿ ಕೊಡದೆ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಲು ಮಾತ್ರ ಬಿಟ್ಟಿರುವುದರಿಂದ, ರೇಡಿಯೋ ಕೇಳುವ ಕನ್ನಡಿಗನಿಗೆ ಸುದ್ದಿಯ ಮೂಲ ಇಂದಿಗೂ ಒಂದೇ. ಆ ಮೂಲಕ್ಕೆ ಸಂಬಳ ಕೊಡುವವರು ಯಾರೆಂಬುದು ಅವನಿಗೂ ಸಂಬಂಧಿಸಿದ ವಿಷಯ.

ಆಯೋಗದ ಹಂಚಿಕೆ ದೆಹಲಿಯ ಕಚೇರಿಯಲ್ಲಿ ನಿಂತುಬಿಟ್ಟರೆ 1955ರಲ್ಲಿ ಮೈಸೂರಿಗೆ ಆದದ್ದೇ ಮತ್ತೆ ಆಗಬಹುದು. ಆದುದರಿಂದ ಭಾಷಾವಾರು ಕೇಂದ್ರಗಳ ಪಾಲು ಶಾಸನದಲ್ಲಿಯೇ ಪ್ರತ್ಯೇಕವಾಗಿ ನಮೂದಾಗಬೇಕು. ಅದರಲ್ಲಿ ಕಾರ್ಯಕ್ರಮ ನಿರ್ಮಾಣಕ್ಕೆಷ್ಟು, ಆಡಳಿತಕ್ಕೆಷ್ಟು ಎಂಬ ವಿಭಾಗವೂ ಇರಬೇಕು. ಧಾರವಾಡ, ಕಲಬುರಗಿ, ಮಂಗಳೂರು ಕೇಂದ್ರಗಳು ವರ್ಷಕ್ಕೆ ತಮಗೆ ದೊರೆತದ್ದೆಷ್ಟು, ಸ್ಥಳೀಯ ಕಲಾವಿದರಿಗೂ ಭಾಷಣಕಾರರಿಗೂ ಸಂಭಾವನೆಯಾಗಿ ಸಂದದ್ದೆಷ್ಟು ಎಂಬ ಲೆಕ್ಕವನ್ನು ಕೇಳುಗರ ಮುಂದೆ ಕನ್ನಡದಲ್ಲಿಯೇ ಇಡುವ ನಿಯಮವಾದರೆ, ಅಂಚೆ ಕಚೇರಿಯ ಪುಸ್ತಕ ಕಟ್ಟಿಕೊಡಲಾರದೆ ಹೋದ ಸಂಬಂಧಕ್ಕೆ ಅವಕಾಶವಾದೀತು.